ಕೂಸಿನ ಉಸಿರು ಎಣಿಸುವವರ ಪ್ರಮಾಣಪತ್ರ

ಹೆರಿಗೆಯಾದ ಮೂರನೇ ದಿನ ಬಾಣಂತಿಯ ಮನೆಗೆ ಬರುವ ಆಶಾ ಕಾರ್ಯಕರ್ತೆ ಮೊದಲು ಕೇಳುವುದು ಸೋಪು ಮತ್ತು ನೀರು. ಬಳೆ, ಉಂಗುರ ತೆಗೆದಿಟ್ಟು ಮೊಣಕೈವರೆಗೂ ತೊಳೆದು, ಸೆರಗಿಗೆ ಒರೆಸದೆ ಗಾಳಿಗೆ ಆರಿಸಿಕೊಂಡು, ಆಮೇಲೆ ಕೂಸಿನ ಪಕ್ಕ ಕೂರುತ್ತಾರೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಮೈಬಿಸಿ ನೋಡುತ್ತಾರೆ. ಜೋಲಿಯಲ್ಲಿ ಮಲಗಿಸಿ, ಎತ್ತಿ ಹಿಡಿದ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ತೂಗುತ್ತಾರೆ. ಹೊಕ್ಕಳು ಒಣಗುತ್ತಿದೆಯೇ, ಕೀವು ಕಟ್ಟಿದೆಯೇ ಎಂದು ನೋಡುತ್ತಾರೆ. ಕೊನೆಗೆ, ಕೂಸು ಅಳದೆ ಸುಮ್ಮನಿರುವ ಹೊತ್ತು ನೋಡಿ, ಬಟ್ಟೆ ಸರಿಸಿ, ಗಡಿಯಾರ ಹಿಡಿದು ಅದರ ಉಸಿರು ಎಣಿಸುತ್ತಾರೆ. ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವಂತಿಲ್ಲ, ಏಕೆಂದರೆ ಹಸುಗೂಸಿನ ಉಸಿರಾಟ ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿನಲ್ಲಿ ಆ ಎಣಿಕೆ 60 ಮುಟ್ಟಿದರೆ ಇನ್ನೊಮ್ಮೆ ಎಣಿಸಬೇಕು. ಮತ್ತೆ ಅಷ್ಟೇ ಬಂದರೆ ಅದು ಕಾಯಿಲೆಯ ಗುರುತು. ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.

ನವಜಾತ ಶಿಶುಗಳ ಸಾವಿನಲ್ಲಿ ಬಹುಪಾಲು ಸಂಭವಿಸುವುದು ಹುಟ್ಟಿದ ಮೊದಲ ವಾರದೊಳಗೆ. ಆ ವಾರದ ಹೆಚ್ಚಿನ ದಿನ ಕೂಸು ಇರುವುದು ವೈದ್ಯರ ಕಣ್ಣೆದುರಲ್ಲ, ಹಳ್ಳಿಯ ಮನೆಯ ಒಳಕೋಣೆಯಲ್ಲಿ. ಅಲ್ಲಿ ಆ ಒಂದು ನಿಮಿಷದ ಎಣಿಕೆಯನ್ನು ಸರಿಯಾಗಿ ಮಾಡಲು ಆ ಹೆಣ್ಣುಮಗಳಿಗೆ ಯಾರು ಕಲಿಸಿದರು, ಕಲಿತದ್ದನ್ನು ಯಾರು ಪರೀಕ್ಷಿಸಿದರು, ಪಾಸಾದದ್ದಕ್ಕೆ ಆಕೆಗೆ ಏನು ಸಿಕ್ಕಿತು? ನಮ್ಮ ಆರೋಗ್ಯ ವ್ಯವಸ್ಥೆಯ ಕೆಳಗಿನ ಮೆಟ್ಟಿಲು ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಬೇಕಿದ್ದರೆ ಈ ಮೂರು ಪ್ರಶ್ನೆಗಳನ್ನೇ ಕೇಳಬೇಕು.

ಕಲಿಸುವುದು ಸಾಧ್ಯ ಎಂಬುದನ್ನು ತೋರಿಸಿಕೊಟ್ಟವರು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ದುಡಿದವರು. 1970ರಲ್ಲಿ ಅಂದಿನ ಅಹ್ಮದ್‌ನಗರ ಜಿಲ್ಲೆಯ ಜಾಮ್‌ಖೇಡ್‌ಗೆ ಬಂದ ಡಾ. ರಜನಿಕಾಂತ ಆರೋಳೆ ಮತ್ತು ಡಾ. ಮೇಬೆಲ್ ಆರೋಳೆ ದಂಪತಿ ಬರಪೀಡಿತ ಹಳ್ಳಿಗಳ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದರು. ಆಯ್ಕೆ ಮಾಡಿದ್ದು ಊರಿನವರು. ಅವರಲ್ಲಿ ಅನೇಕರಿಗೆ ಓದು ಬರಹ ಬರುತ್ತಿರಲಿಲ್ಲ. ಹಲವರು ದಲಿತ ಕೇರಿಗಳಿಂದ ಬಂದವರು. ತರಬೇತಿಯನ್ನು ಒಂದು ಸಲ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ವಾರ ವಾರವೂ ಜಾಮ್‌ಖೇಡ್‌ಗೆ ಬಂದು, ಊರಲ್ಲಿ ಕಂಡದ್ದನ್ನು ಹೇಳಿ, ಒಬ್ಬರಿಂದೊಬ್ಬರು ಕಲಿತು ಹೋಗುವ ಪದ್ಧತಿ ವರ್ಷಗಟ್ಟಲೆ ನಡೆಯಿತು.

ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೆಚ್ಚು ಎಣಿಸಲು ಬಾರದ ಸೂಲಗಿತ್ತಿಯರೂ ನ್ಯುಮೋನಿಯಾ ಗುರುತಿಸುವಂತಾಗಲು ಅವರ ‘ಸರ್ಚ್’ ಸಂಸ್ಥೆ ಒಂದು ಸಾಧನ ಮಾಡಿತು. ಒಂದು ನಿಮಿಷದ ಮರಳು ಗಡಿಯಾರ, ಅದರ ಜೊತೆಗೆ ತಂತಿಗೆ ಪೋಣಿಸಿದ ಮಣಿಗಳ ಎರಡು ಸಾಲು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಇಳಿದು ಮುಗಿಯುವುದರೊಳಗೆ ಹಸಿರು ಮಣಿಗಳು ಮುಗಿದು ಕೆಂಪು ಮಣಿ ಸರಿಸುವಂತಾದರೆ ಮಗುವಿಗೆ ನ್ಯುಮೋನಿಯಾ. ಎರಡು ತಿಂಗಳೊಳಗಿನ ಕೂಸಿಗೆ ಒಂದು ಸಾಲು, ದೊಡ್ಡ ಮಕ್ಕಳಿಗೆ ಇನ್ನೊಂದು. ಹತ್ತರವರೆಗೆ ಎಣಿಸಲು ಬಂದರೆ ಸಾಕು. ಕಲಿಯುವವರಲ್ಲಿ ಕೊರತೆ ಹುಡುಕುವ ಬದಲು ಕಲಿಸುವ ವಿಧಾನವನ್ನೇ ಅವರ ಕೈಗೆ ಎಟುಕುವಂತೆ ಮಾಡಿದ ಈ ಮಣಿಸಾಲನ್ನು ನಾನು ಈ ದೇಶದ ವೈದ್ಯಕೀಯ ಚಿಂತನೆಯ ದೊಡ್ಡ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಮುಂದೆ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಮನೆಯಲ್ಲೇ ನವಜಾತ ಶಿಶು ಆರೈಕೆಯ ಪ್ರಯೋಗ ನಡೆಸಿದರು; ಹೋಲಿಕೆಗಾಗಿ ಇನ್ನೂ 47 ಹಳ್ಳಿಗಳನ್ನು ಇಟ್ಟುಕೊಂಡರು. ಐದರಿಂದ ಹತ್ತು ವರ್ಷ ಶಾಲೆ ಕಲಿತ ಹಳ್ಳಿಯ ಹೆಂಗಸರೇ ಅಲ್ಲಿ ಆರೋಗ್ಯದೂತರು. ಕೂಸನ್ನು ಬೆಚ್ಚಗಿಡುವುದು, ಎದೆಹಾಲು ಕುಡಿಸಲು ನೆರವಾಗುವುದು, ಉಸಿರುಗಟ್ಟಿ ಹುಟ್ಟಿದ ಕೂಸಿಗೆ ಉಸಿರು ತರಿಸುವುದು ಅವರ ಕೆಲಸ. ನಂಜಿನ ಲಕ್ಷಣ ಕಂಡು, ಆಸ್ಪತ್ರೆಗೆ ಹೋಗಲು ಮನೆಯವರು ಒಪ್ಪದಿದ್ದರೆ ಜೆಂಟಾಮೈಸಿನ್ ಇಂಜೆಕ್ಷನ್ ಕೊಡುವುದೂ ಅವರ ಕೆಲಸವಾಗಿತ್ತು. ಹದಿನೈದು ದಿನಕ್ಕೊಮ್ಮೆ ವೈದ್ಯರೊಬ್ಬರು ಪ್ರತಿ ಹಳ್ಳಿಗೂ ಬಂದು ಅವರ ದಾಖಲೆ ನೋಡಿ, ತಪ್ಪು ತಿದ್ದಿ ಹೋಗುತ್ತಿದ್ದರು. ಸಾವಿರ ಜನನಕ್ಕೆ 62 ಇದ್ದ ನವಜಾತ ಶಿಶು ಮರಣ ಮೂರೇ ವರ್ಷಗಳಲ್ಲಿ 25ರ ಆಸುಪಾಸಿಗೆ ಇಳಿಯಿತು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತು ತಿರುಗಿ ನೋಡಿತು.

ಇದಕ್ಕೆ ಮೊದಲೇ ಸರ್ಕಾರವೂ ಒಂದು ಪ್ರಯತ್ನ ಮಾಡಿ ಸೋತಿತ್ತು. 1977ರ ಅಕ್ಟೋಬರ್ 2ರಂದು ಕೇಂದ್ರದ ಜನತಾ ಸರ್ಕಾರ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಯನ್ನು ಆರಂಭಿಸಿತು. ಮೂರು ತಿಂಗಳ ತರಬೇತಿ, ತಿಂಗಳಿಗೆ 50 ರೂಪಾಯಿ ಗೌರವಧನ. ಬಾಣಂತಿಯ ಕೋಣೆಗೆ ಹೋಗುವವರು ಬೇಕಿದ್ದ ಕಡೆ ಆಯ್ಕೆಯಾದವರು ಬಹುತೇಕ ಗಂಡಸರು. ಎಷ್ಟೋ ಕಡೆ ಊರಿನ ಪ್ರಬಲರ ಕಡೆಯವರೇ ಪಟ್ಟಿ ಸೇರಿದರು. ತರಬೇತಿಯ ನಂತರ ಹಿಂದೆ ನಿಂತು ನೋಡುವವರು ಇರಲಿಲ್ಲ. ಹೆಸರು ಎರಡು ಸಲ ಬದಲಾಗಿ ‘ಗ್ರಾಮ ಆರೋಗ್ಯ ಮಾರ್ಗದರ್ಶಿ’ ಆಯಿತು. ಕೆಲಸ ಮಾತ್ರ ಬಡವಾಗುತ್ತ ಹೋಯಿತು. 2002ರಲ್ಲಿ ಕೇಂದ್ರ ಕೈಬಿಟ್ಟಿತು. ಅದೇ ವರ್ಷ ಛತ್ತೀಸ್‌ಗಢದಲ್ಲಿ ಹೆಂಗಸರನ್ನೇ ಆಯ್ದುಕೊಂಡ ‘ಮಿತಾನಿನ್’ ಯೋಜನೆ ಶುರುವಾಯಿತು. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಆಶಾ ಯೋಜನೆ ಹುಟ್ಟಿದ್ದು ಈ ಅನುಭವಗಳ ಮೇಲೆಯೇ.

ಸಾವಿರ ಜನಸಂಖ್ಯೆಗೆ ಒಬ್ಬರು. ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ ಜನವಸತಿಗೆ ಒಬ್ಬರು. ಈ ಎರಡನೆಯ ಮಾತು ನಮಗೆ ಬಹಳ ಮುಖ್ಯ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಹೆಗ್ಗಡದೇವನಕೋಟೆ ಮತ್ತು ಕೊಡಗಿನ ಹಾಡಿಗಳಲ್ಲಿ ಸಾವಿರ ಜನ ಒಟ್ಟಾಗಬೇಕಾದರೆ ಎಷ್ಟು ಕಾಡು ದಾಟಬೇಕು? 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಕೆಲಸ ಮಾಡುತ್ತ, ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಎಎನ್‌ಎಂ, ಅಂದರೆ ಸಹಾಯಕ ದಾದಿಯ ತರಬೇತಿ ಕೊಟ್ಟಿತು. ಪೋಡಿನ ಮಾತು ಬಲ್ಲವಳು, ಪೋಡಿನ ಅಳುಕು ಅರಿತವಳು ಅಲ್ಲಿಯೇ ನರ್ಸಮ್ಮನಾಗಿ ನಿಲ್ಲುತ್ತಾಳೆ. ಪಟ್ಟಣದಿಂದ ನೇಮಕವಾದವರು ವರ್ಗಾವಣೆಗೆ ಅರ್ಜಿ ಹಾಕುತ್ತಾರೆ. ಕಾಡಂಚಿನ ಆರೋಗ್ಯ ಕೇಂದ್ರಗಳನ್ನು ಬಲ್ಲ ಯಾರಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ.

ಆಶಾ ಆಗಲು ಮದುವೆಯಾದವರು, ವಿಧವೆಯರು ಅಥವಾ ವಿಚ್ಛೇದಿತೆಯರು ಇರಬೇಕು, ವಯಸ್ಸು 25ರಿಂದ 45 ಎಂಬುದು ನಿಯಮ. ಮದುವೆಯಾಗದ ಹುಡುಗಿ ಮುಂದೆ ಬೇರೆ ಊರಿಗೆ ಹೋಗಿಬಿಡುತ್ತಾಳೆ, ಕೊಟ್ಟ ತರಬೇತಿ ಊರಿಗೆ ಉಳಿಯುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕಾಚಾರ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ವೈವಾಹಿಕ ಸ್ಥಿತಿಯನ್ನು ಆಯ್ಕೆಯ ಅಳತೆಗೋಲು ಮಾಡಬೇಡಿ ಎನ್ನುತ್ತದೆ. ತತ್ವವಾಗಿ ಅದು ಸರಿ. ಆದರೆ ಸೊಸೆಯಾಗಿ ಬಂದವಳೇ ಊರಲ್ಲಿ ಉಳಿಯುವ ನಮ್ಮ ಹಳ್ಳಿಗಳ ಮಟ್ಟಿಗೆ ಹಳೆಯ ಲೆಕ್ಕವೂ ಸುಳ್ಳಲ್ಲ.

ಇನ್ನು ತರಬೇತಿ. ಮೊದಲ ವರ್ಷದಲ್ಲಿ ಕಂತು ಕಂತಾಗಿ 23 ದಿನ ಎಂದು ಆರಂಭದಲ್ಲಿ ನಿಗದಿಯಾಯಿತು. ಆಮೇಲೆ ಬಂದ ಆರು ಮತ್ತು ಏಳನೇ ಮಾಡ್ಯೂಲ್‌ಗಳಿಗೆ ಐದೈದು ದಿನದ ನಾಲ್ಕು ಸುತ್ತು. ಗಡ್‌ಚಿರೋಲಿಯ ಪಾಠಗಳು ಆಶಾಗಳ ಕೈಪಿಡಿಗೆ ಬಂದದ್ದು ಈ ಮಾಡ್ಯೂಲ್‌ಗಳ ಮೂಲಕ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಹೀಗೆ ಆರು ಭೇಟಿ. ಮನೆಯಲ್ಲಿ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು. ಪಾಕಿಸ್ತಾನದಲ್ಲಿ 1994ರಲ್ಲಿ ಶುರುವಾದ ಲೇಡಿ ಹೆಲ್ತ್ ವರ್ಕರ್ ಯೋಜನೆಯ ತರಬೇತಿ 15 ತಿಂಗಳದ್ದು: ಮೂರು ತಿಂಗಳು ತರಗತಿ, ಒಂದು ವರ್ಷ ಕೆಲಸ ಮಾಡುತ್ತಲೇ ಕಲಿಕೆ. ದಿನಗಳ ಎಣಿಕೆ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಜಿಪುಣತನ ಕಾಣುತ್ತದೆ.

ದಿನಗಳ ಕೊರತೆಗಿಂತ ದೊಡ್ಡ ತೊಡಕು ಕಲಿಸುವ ಸರಪಳಿಯದು. ರಾಷ್ಟ್ರ ಮಟ್ಟದಲ್ಲಿ ಕಲಿತವರು ರಾಜ್ಯದವರಿಗೆ, ರಾಜ್ಯದವರು ಜಿಲ್ಲೆಯವರಿಗೆ, ಜಿಲ್ಲೆಯವರು ಆಶಾಗಳಿಗೆ. ಪ್ರತಿ ಹಂತದಲ್ಲೂ ಒಂದಷ್ಟು ಸೋರಿಹೋಗುತ್ತದೆ. ಮೊದಲಿಗೆ ಸೋರುವುದು ಕೈಕೆಲಸ. ಕಾಯಿಲೆಬಿದ್ದ ಕೂಸು ಉಸಿರಾಡುವಾಗ ಎದೆ ಒಳಗೆಳೆದುಕೊಳ್ಳುವುದು ಹೇಗಿರುತ್ತದೆ ಎಂದು ವಿಡಿಯೊದಲ್ಲಾದರೂ ತೋರಿಸದೆ, ಗೊಂಬೆಯ ಮೇಲೂ ಮಾಡಿಸದೆ, ಪುಸ್ತಕ ಓದಿ ಹೇಳಿ ಮುಗಿಸಿದರೆ ಆಶಾ ಕಲಿತದ್ದೇನು? ಮಾತಿನ ಪಾಠವಂತೂ ಬೇಗ ಕಳೆದುಹೋಗುತ್ತದೆ. ಬಾಣಂತನದ ಮನೆಯಲ್ಲಿ ಅಧಿಕಾರ ಇರುವುದು ಅಜ್ಜಿಯ ಕೈಯಲ್ಲಿ. ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದು, ಮೊದಲ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು, ಹೊಕ್ಕಳಿಗೆ ಎಣ್ಣೆ ಹಚ್ಚುವುದು, ಎರೆದು ಸಾಂಬ್ರಾಣಿ ಹೊಗೆ ಹಿಡಿಯುವುದು, ಎಲ್ಲಕ್ಕೂ ಅಲ್ಲಿ ಪರಂಪರೆಯಿದೆ, ಪ್ರೀತಿಯೂ ಇದೆ. “ಇದೆಲ್ಲ ತಪ್ಪು” ಎಂದು ಒಳಗೆ ಕಾಲಿಟ್ಟ ಆಶಾಗೆ ಎರಡನೇ ಸಲ ಬಾಗಿಲು ತೆರೆಯುವುದಿಲ್ಲ. “ಅಜ್ಜಿ, ನಿಮ್ಮ ಕೈಯಲ್ಲಿ ಎಷ್ಟು ಮಕ್ಕಳು ಬೆಳೆದಿಲ್ಲ! ಈ ಕೂಸು ಸ್ವಲ್ಪ ತೂಕ ಕಮ್ಮಿ ಹುಟ್ಟಿದೆ. ತೂಕ ಕಟ್ಟೋವರೆಗೂ ಎರೆಯೋದು ಬೇಡ, ಎದೆಗವಚಿಕೊಂಡು ಬೆಚ್ಚಗೆ ಇಟ್ಕೊಳ್ಳೋಣ” ಎಂದು ಶುರುಮಾಡಬೇಕು. ನುರಿತ ಆಶಾ ಅಕ್ಕಂದಿರು ಇದನ್ನು ಯಾವ ಮಾಡ್ಯೂಲೂ ಇಲ್ಲದೆ ಕಲಿತಿದ್ದಾರೆ. ಹೊಸಬರಿಗೆ ಇದನ್ನು ಹೇಳಿಕೊಡಬೇಕಾದವರು ಅವರೇ.

ಪರೀಕ್ಷೆಯ ವಿಚಾರ ಬಂದದ್ದು ಇದಾದ ಮೇಲೆ. ಕೇಂದ್ರ ಆರೋಗ್ಯ ಸಚಿವಾಲಯವು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ ಜೊತೆಗೂಡಿ ಆಶಾಗಳಿಗೆ ಪ್ರಮಾಣಪತ್ರ ಕೊಡುವ ಕಾರ್ಯಕ್ರಮ ರೂಪಿಸಿತು. ಅದರ ವಿನ್ಯಾಸದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಅದರ ಅನುಕ್ರಮ. ಮೊದಲು ರಾಜ್ಯ ಮತ್ತು ಜಿಲ್ಲಾ ತರಬೇತಿ ಕೇಂದ್ರಗಳು ಮಾನ್ಯತೆ ಪಡೆಯಬೇಕು. ನಂತರ ತರಬೇತುದಾರರು ಪರೀಕ್ಷೆಗೆ ಕೂತು ಪಾಸಾಗಬೇಕು. ಆಮೇಲಷ್ಟೇ ಆಶಾಗಳ ಸರದಿ. ಕಲಿಸುವವರೇ ಮೊದಲು ಪರೀಕ್ಷೆ ಎದುರಿಸುವ ಇಂಥ ವ್ಯವಸ್ಥೆ ನಮ್ಮ ದೇಶದಲ್ಲಿ ಅಪರೂಪ. ಬರವಣಿಗೆಯ ಪರೀಕ್ಷೆಯ ಜೊತೆಗೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೂ ಉಂಟು.

ಹಾಗಿದ್ದರೂ ಪರೀಕ್ಷೆಯೆಂದರೆ ಎಷ್ಟೋ ಆಶಾಗಳಿಗೆ ಎದೆ ಡವಡವ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಇಪ್ಪತ್ತು ವರ್ಷ ಕಳೆದಿದೆ. ಪ್ರಶ್ನೆಪತ್ರಿಕೆ ನೋಡಿದರೆ ಕೈ ನಡುಗುತ್ತದೆ. ನೂರಾರು ಕೂಸುಗಳನ್ನು ತೂಗಿದ ಕೈ ಅದು. ಆ ಕೈಯ ವಿದ್ಯೆಯನ್ನು ಅಳೆಯಬೇಕಾದ್ದು ಕೂಸಿನ ಪಕ್ಕದಲ್ಲೇ. ಅಂಕಗಳ ಹೆಚ್ಚಿನ ಪಾಲು ಪ್ರಾಯೋಗಿಕಕ್ಕೆ ಇರಬೇಕು, ಬರೆಯಲು ತಡವರಿಸುವವರಿಗೆ ಬಾಯಿಮಾತಿನ ಪರೀಕ್ಷೆಯ ಅವಕಾಶ ಇರಬೇಕು, ನಪಾಸಾದವರನ್ನು ಮನೆಗೆ ಕಳಿಸುವ ನೆಪವಾಗಿ ಪರೀಕ್ಷೆ ಎಂದೂ ಬಳಕೆಯಾಗಬಾರದು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಇಲ್ಲಿ ನೆನೆಯಲೇಬೇಕು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ಕೇಳದೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರಂಥ ಸಾವಿರಾರು ಸೂಲಗಿತ್ತಿಯರ ವಿದ್ಯೆಗೆ ಬೆಲೆ ಕಟ್ಟುವ ಏರ್ಪಾಡು ನಮ್ಮಲ್ಲಿ ಇರಲಿಲ್ಲ. ಆಸ್ಪತ್ರೆ ಹೆರಿಗೆಗೆ ಒತ್ತು ಬಂದಾಗ ಅವರು ಬದಿಗೆ ಸರಿದರು. ಆಸ್ಪತ್ರೆ ಹೆರಿಗೆಯಿಂದ ಜೀವಗಳು ಉಳಿದವು ಎಂಬುದರಲ್ಲಿ ಎರಡು ಮಾತಿಲ್ಲ. ಕರ್ನಾಟಕದಲ್ಲಿ ಈಗ ಶೇ 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿದೆ. 2018–20ರ ಅವಧಿಯಲ್ಲಿ ತಾಯಂದಿರ ಮರಣ ಲಕ್ಷ ಜೀವಂತ ಜನನಕ್ಕೆ 69ಕ್ಕೆ ಇಳಿದಿತ್ತು. ಗರ್ಭಿಣಿಯರ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿ, ನಡುರಾತ್ರಿ ಆಂಬುಲೆನ್ಸ್‌ಗೆ ಫೋನು ಮಾಡಿ ಜೊತೆಗೆ ಹತ್ತಿ ಕೂತ ಆಶಾಗಳ ದುಡಿಮೆ ಈ ಅಂಕಿಗಳೊಳಗಿದೆ.

ಈಗ ಅವರ ಕೆಲಸ ಬದಲಾಗುತ್ತಿದೆ. 30 ವರ್ಷ ದಾಟಿದ ಎಲ್ಲರ ಬಳಿ ಹೋಗಿ ಬಿಪಿ, ಸಕ್ಕರೆ ಕಾಯಿಲೆಯ ಅಪಾಯ ಎಷ್ಟಿದೆ ಎಂಬ ನಮೂನೆ ತುಂಬಬೇಕು. ಕ್ಷಯದ ಮಾತ್ರೆ ನುಂಗಿಸಬೇಕು. ಲಸಿಕೆಯ ದಿನ ಮಕ್ಕಳನ್ನು ಕರೆತರಬೇಕು. ಮೊಬೈಲಿನಲ್ಲಿ ಎಲ್ಲವನ್ನೂ ದಾಖಲಿಸಬೇಕು. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಗುಳೆ ಹೋದ ಕುಟುಂಬದ ಮಗುವಿಗೆ ಬಾಕಿ ಉಳಿದ ಲಸಿಕೆಯ ಲೆಕ್ಕ ಇಡುವವರೂ ಅವರೇ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ. ಎಂಟು ತಿಂಗಳು ಬೆನ್ನ ಹಿಂದೆ ನಿಂತ ಆಶಾ ಒಬ್ಬರು, ಕೂಸಿನ ಉಸಿರು ಎಣಿಸಬೇಕಾದ ಆಶಾ ಇನ್ನೊಬ್ಬರು. ಇವರಿಬ್ಬರ ನಡುವೆ ಮಾಹಿತಿ ದಾಟದಿದ್ದರೆ ಮೂರನೇ ದಿನದ ಭೇಟಿಯೇ ತಪ್ಪಿಹೋಗುತ್ತದೆ.

ಇಷ್ಟು ಕಲಿತು, ಪರೀಕ್ಷೆ ಬರೆದು ಪಾಸಾದರೆ ಆ ಪ್ರಮಾಣಪತ್ರದಿಂದ ಏನು ಬದಲಾಗುತ್ತದೆ? ನನ್ನ ತಕರಾರು ಇರುವುದು ಇಲ್ಲಿ. ಗಡ್‌ಚಿರೋಲಿಯ ಆರೋಗ್ಯದೂತೆ ಇಂಜೆಕ್ಷನ್ ಕೊಡುತ್ತಿದ್ದಳು. ಅದೇ ಪಾಠ ದೇಶದ ಯೋಜನೆಯಾದಾಗ ಇಂಜೆಕ್ಷನ್ ಅವಳ ಕೈಯಿಂದ ಹೋಯಿತು. 2014ರಲ್ಲಿ ಎಎನ್‌ಎಂಗಳಿಗೆ ಆ ಅನುಮತಿ ಸಿಕ್ಕಿತು, ಆಶಾಗೆ ಸಿಗಲಿಲ್ಲ. ಎಚ್ಚರಿಕೆಗೆ ಕಾರಣ ಇರಬಹುದು. ಆಸ್ಪತ್ರೆ ಹತ್ತಿರವಿರುವ ಕಡೆ ಅದು ಬೇಕಾಗದೆಯೂ ಇರಬಹುದು. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಮುಚ್ಚುವ ಹಾಡಿಗೆ ಮಾತ್ರ ಆ ವಾದ ಸಲ್ಲುವುದಿಲ್ಲ.

ಅಮೆರಿಕದ ಅಲಾಸ್ಕದಲ್ಲಿ ರಸ್ತೆಯೇ ಇಲ್ಲದ ಮೂಲನಿವಾಸಿ ಹಳ್ಳಿಗಳಿವೆ. ವಿಮಾನ ಇಳಿದರೆ ಉಂಟು, ಹವೆ ಕೆಟ್ಟರೆ ಅದೂ ಇಲ್ಲ. 1950ರ ದಶಕದಲ್ಲಿ ಅಲ್ಲಿ ಕ್ಷಯದ ಮಾತ್ರೆ ಹಂಚಲು ಊರಿನವರನ್ನೇ ನೇಮಿಸಿದ್ದು ಮುಂದೆ 1968ರಲ್ಲಿ ಸರ್ಕಾರದ ಹಣ ಪಡೆದ ಕಾರ್ಯಕ್ರಮವಾಯಿತು. ಅಲ್ಲಿನ ಆರೋಗ್ಯ ಸಹಾಯಕಿ ಮೂರು ನಾಲ್ಕು ವಾರಗಳ ನಾಲ್ಕು ಸುತ್ತು ತರಬೇತಿ ಪಡೆಯುತ್ತಾಳೆ, ಸುತ್ತುಗಳ ನಡುವೆ ಊರಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಯಾವ ದೂರಿಗೆ ಏನು ಕೇಳಬೇಕು, ಏನು ನೋಡಬೇಕು, ಯಾವ ಔಷಧ ಕೊಡಬೇಕು ಎಂದು ತಿಳಿಸುವ ದಪ್ಪ ಕೈಪಿಡಿ ಇದೆ. ಫೋನಿನ ಆಚೆ ವೈದ್ಯರಿದ್ದಾರೆ. 1998ರಿಂದ ಪ್ರಮಾಣೀಕರಣಕ್ಕೆ ಪ್ರತ್ಯೇಕ ಮಂಡಳಿಯೇ ಇದೆ. ಪ್ರಮಾಣಪತ್ರ ಪಡೆದವಳು ಕೈಪಿಡಿಯ ಪ್ರಕಾರ, ವೈದ್ಯರ ಆದೇಶದ ಮೇರೆಗೆ ಆಂಟಿಬಯಾಟಿಕ್ ಕೊಡಬಲ್ಲಳು. ಆಕೆಗೆ ಸಂಬಳ ಇದೆ, ಮೇಲಿನ ಹಂತಕ್ಕೆ ಏರುವ ದಾರಿಯೂ ಇದೆ.

ನಮ್ಮಲ್ಲಿ ಒಂದು ಕೂಸಿನ ಆರು ಭೇಟಿ ಮುಗಿಸಿ, 42 ದಿನ ತುಂಬಿದ ಮೇಲೆ ಆಶಾಗೆ ಸಿಗುವುದು 250 ರೂಪಾಯಿ ಪ್ರೋತ್ಸಾಹಧನ. ಭೇಟಿಯೊಂದಕ್ಕೆ 42 ರೂಪಾಯಿಯೂ ಬೀಳುವುದಿಲ್ಲ. ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಪೂರ್ತಿಯಾಗಿ ಅಥವಾ ಬಹುಪಾಲು ಕೆಲಸಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಹಣ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ 2018ರ ಮಾರ್ಗಸೂಚಿ ಹೇಳುತ್ತದೆ. ಕಲಿತವರಿಗೆ ಪ್ರಮಾಣಪತ್ರ ಕೊಡಿ ಎಂದೂ ಹೇಳುತ್ತದೆ. ನಾವು ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಬಿಟ್ಟೆವು. 2022ರ ಮೇ ತಿಂಗಳಲ್ಲಿ ಅದೇ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತು, ತಿಂಗಳಿಗೆ ಕನಿಷ್ಠ ಹತ್ತು ಸಾವಿರ ರೂಪಾಯಿ ಎಂಬ ಭರವಸೆ ಪಡೆದು ಎದ್ದರು. ರಾಜ್ಯದಲ್ಲಿ ಇರುವವರು ಸುಮಾರು 42 ಸಾವಿರ. ಜಗತ್ತು ಗೌರವಿಸಿದ ದುಡಿಮೆಗೆ ದಿನಗೂಲಿಯಷ್ಟಾದರೂ ಕೊಡಿ ಎಂದು ಬೀದಿಯಲ್ಲಿ ಕೂರಬೇಕಾಗಿ ಬಂದದ್ದು ನಾಡಿಗೆ ಶೋಭೆಯಲ್ಲ.

ಪ್ರಮಾಣಪತ್ರ ಬೇಡವೆಂದು ನಾನು ಹೇಳುತ್ತಿಲ್ಲ, ಬೇಕೇ ಬೇಕು. ತನಗೆ ಗೊತ್ತಿರುವುದನ್ನು ಸರ್ಕಾರ ಒಪ್ಪಿದೆ ಎಂಬ ಕಾಗದ ಕೈಗೆ ಬಂದಾಗ, ಆಸ್ಪತ್ರೆಯಲ್ಲಿ “ನೀನ್ಯಾರಮ್ಮ, ಆಚೆ ನಿಲ್ಲು” ಎನ್ನುವವರ ಎದುರು ಆಕೆ ನೆಟ್ಟಗೆ ನಿಲ್ಲುತ್ತಾಳೆ. ಆ ಕಾಗದಕ್ಕೆ ತೂಕ ಬರಬೇಕಾದರೆ ಪಾಸಾದವರಿಗೆ ನಿಗದಿತ ವೇತನದಲ್ಲಿ ಏರಿಕೆ ಸಿಗಬೇಕು, ದೂರದ ಜನವಸತಿಗಳಲ್ಲಿ ಕೆಲವು ಔಷಧಗಳನ್ನು ಕೊಡುವ ಅಧಿಕಾರ ಸಿಗಬೇಕು, ಎಎನ್‌ಎಂ ತರಬೇತಿಗೆ ಸೇರಲು ಮೀಸಲು ಸೀಟು ಸಿಗಬೇಕು. ತರಬೇತಿಯ ಬೆನ್ನಿಗೇ ತಿಂಗಳಿಗೊಮ್ಮೆಯಾದರೂ ಯಾರಾದರೂ ಆಕೆಯ ಜೊತೆ ಮನೆಮನೆಗೆ ನಡೆದು ತಿದ್ದಬೇಕು. ಗಡ್‌ಚಿರೋಲಿಯ ಹದಿನೈದು ದಿನಕ್ಕೊಮ್ಮೆಯ ಭೇಟಿಯನ್ನು ಬಿಟ್ಟು ಮಾಡ್ಯೂಲನ್ನು ಮಾತ್ರ ತಂದರೆ ಗಡ್‌ಚಿರೋಲಿಯ ಫಲಿತಾಂಶ ಬಾರದು.

ಇದರಲ್ಲಿ ಊರಿನವರು ಮಾಡಬಹುದಾದದ್ದೂ ಇದೆ. ಪ್ರತಿ ಗ್ರಾಮದಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ಇರಬೇಕು; ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಮುಕ್ತ ನಿಧಿ ಅದಕ್ಕಾಗಿ ಮೀಸಲಿದೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ. ನಮ್ಮ ಆಶಾ ಅಕ್ಕನ ಚೀಲದಲ್ಲಿ ಥರ್ಮಾಮೀಟರ್ ಇದೆಯೇ, ತಕ್ಕಡಿ ಸರಿಯಿದೆಯೇ, ಓಆರ್‌ಎಸ್ ಪೊಟ್ಟಣ ಎಷ್ಟಿವೆ, ಕೊನೆಯ ತರಬೇತಿ ಯಾವಾಗ ಆಯಿತು, ಪ್ರೋತ್ಸಾಹಧನ ಎಷ್ಟು ತಿಂಗಳು ಬಾಕಿಯಿದೆ ಎಂದು ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಕಳಿಸಿ.